ಪಕ್ಕದ ಮನೆಯವರು ಯಾರಿಗೆ ಓಟು ಹಾಕುತ್ತಾರೆ?

2020ರ ಫೆಬ್ರವರಿ 29ಕ್ಕಿಂತ ಮುಂಚೆ ಜೋ ಬೈಡನ್ ಅಮೆರಿಕದ ಒಂದೇ ಒಂದು ರಾಜ್ಯದ ಅಧ್ಯಕ್ಷೀಯ ಪ್ರೈಮರಿಯನ್ನೂ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆಯನ್ನೂ, ಗೆದ್ದಿರಲಿಲ್ಲ. ಮೊದಲ ಸಲ ಅವರು ಅಧ್ಯಕ್ಷರ ಕುರ್ಚಿಗೆ ಪ್ರಯತ್ನಪಟ್ಟಿದ್ದು 1987ರಲ್ಲಿ. ಬ್ರಿಟನ್ನಿನ ನಾಯಕ ನೀಲ್ ಕಿನ್ನಕ್ ಅವರ ಭಾಷಣವನ್ನು ಹೆಸರು ಹೇಳದೆ ಬಳಸಿಕೊಂಡರು ಅಂತ ಗಲಾಟೆಯಾಗಿ, ಮತದಾನ ಶುರುವಾಗುವ ಮೊದಲೇ ಹಿಂದೆ ಸರಿದರು. ಎರಡನೇ ಸಲ 2008ರಲ್ಲಿ. ಅಯೋವಾದಲ್ಲಿ ಶೇ. 1ರಷ್ಟೂ ಬೆಂಬಲ ಸಿಗಲಿಲ್ಲ, ಅವತ್ತು ರಾತ್ರಿಯೇ ಕಣದಿಂದ ಹೊರಗೆ ಬಂದರು. ಮೂರನೇ ಸಲ, 77ನೇ ವಯಸ್ಸಿನಲ್ಲಿ, ಅಯೋವಾದಲ್ಲಿ ನಾಲ್ಕನೆಯವರಾದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಅಲ್ಲಿ ಫಲಿತಾಂಶ ಬರುವ ಹೊತ್ತಿಗೆ ರಾಜ್ಯವನ್ನೇ ಬಿಟ್ಟು ಹೊರಟಿದ್ದರು. ಆಮೇಲೆ ಬಂದದ್ದು ಸೌತ್ ಕ್ಯಾರೊಲೈನಾ. ಅಲ್ಲಿ ಗೆದ್ದ ಮೂರೇ ದಿನಕ್ಕೆ, ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕುವ ಸೂಪರ್ ಟ್ಯೂಸ್‌ಡೇ ದಿನ, 14 ರಾಜ್ಯಗಳಲ್ಲಿ 10 ಅವರ ಕೈಗೆ ಬಂದವು.

ಸೋತು ಸುಣ್ಣವಾದ ಮನುಷ್ಯ ಎದ್ದು ನಿಂತ ಕತೆಯಾಗಿ ಇದನ್ನು ಹೇಳುವವರು ಬಹಳ ಜನ. ಅದೂ ನಿಜವೇ. ಆದರೆ ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಯನ್ನು ಹತ್ತಿರದಿಂದ ನೋಡಿದ ನನಗೆ ಕಂಡದ್ದು ಬೇರೆ. ಜನ ತಮಗೆ ಯಾರು ಬೇಕು ಅಂತ ಯೋಚಿಸಿದ್ದು ಕಡಿಮೆ. ಬೇರೆಯವರು ಯಾರನ್ನು ಒಪ್ಪಬಹುದು ಅಂತ ಊಹಿಸಿದ್ದೇ ಜಾಸ್ತಿ. ಆ ಊಹೆ ಒಬ್ಬಿಬ್ಬರು ತುಂಬಾ ಒಳ್ಳೆಯ ಅಭ್ಯರ್ಥಿಗಳನ್ನು ಮುಳುಗಿಸಿತು. ಅದರ ಬೆಲೆಯನ್ನು ಪಕ್ಷ 2024ರಲ್ಲಿ ಕೊಟ್ಟಿತು ಅಂತ ನನ್ನ ನಂಬಿಕೆ.

ನಮ್ಮ ಮನೆ ಇರುವುದು ನ್ಯೂ ಹ್ಯಾಂಪ್‌ಶೈರ್‌ನ ದಕ್ಷಿಣ ತುದಿಯಲ್ಲಿ, ನಾಶುವಾದಲ್ಲಿ. ಮ್ಯಾಸಚೂಸೆಟ್ಸ್ ಗಡಿ ಪಕ್ಕದಲ್ಲೇ. ಬಾಸ್ಟನ್ ಸುತ್ತಮುತ್ತ ಕೆಲಸ ಮಾಡುವ ಕನ್ನಡದವರು ಈ ಕಡೆ ಸಾಕಷ್ಟು ಮಂದಿ ಇದ್ದೇವೆ. ವೀಸಾದ ಮೇಲೆ ಇರುವ ನನ್ನಂಥವರಿಗೆ ಓಟಿಲ್ಲ. ಆದರೆ ಈ ಪುಟ್ಟ ರಾಜ್ಯದಲ್ಲಿ ಪ್ರೈಮರಿ ಹತ್ತಿರ ಬಂದಾಗ ಅಭ್ಯರ್ಥಿಗಳು ಶಾಲೆಯ ಜಿಮ್‌ಗೆ, ಲೈಬ್ರರಿಗೆ, ಯಾರದೋ ಮನೆಯ ಹಾಲ್‌ಗೆ ಬರುತ್ತಾರೆ. ಬಾಗಿಲಲ್ಲಿ ಯಾರೂ ನಿಮ್ಮ ಪೌರತ್ವ ಕೇಳುವುದಿಲ್ಲ. ಹೋಗಿ ಕೂರಬಹುದು, ಕೈ ಎತ್ತಿ ಪ್ರಶ್ನೆ ಕೇಳಬಹುದು.

ಕರ್ನಾಟಕದಲ್ಲಿ ಬೆಳೆದವರಿಗೆ ಇದು ಎಷ್ಟು ಹೊಸದು ಅಂತ ಹೇಳಲೇಬೇಕು. ನಮ್ಮಲ್ಲಿ ಟಿಕೆಟ್ ಅಂದರೆ ದೆಹಲಿ. ಆಕಾಂಕ್ಷಿಗಳು ಹೈಕಮಾಂಡ್ ಬಾಗಿಲಲ್ಲಿ ಕಾಯುತ್ತಾರೆ, ಪಟ್ಟಿ ಬರುತ್ತದೆ, ಬಿ ಫಾರಂ ಸಿಕ್ಕವರು ಅಭ್ಯರ್ಥಿ, ಸಿಗದವರು ಬಂಡಾಯ. ಕ್ಷೇತ್ರದ ಕಾರ್ಯಕರ್ತನನ್ನು ಯಾರೂ ಕೇಳುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ತನ್ನ ಅಧ್ಯಕ್ಷರನ್ನು ಮತದಾನದಿಂದ ಆರಿಸಿದಾಗ, ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ 7,897 ಮತ ಪಡೆದರು, ಶಶಿ ತರೂರ್ 1,072. ಅಷ್ಟಕ್ಕೇ ದೇಶವೆಲ್ಲ ಅದನ್ನು ಅಪರೂಪದ ಘಟನೆ ಅಂತ ನೋಡಿತು. ಅಲ್ಲಿ ಓಟು ಹಾಕಿದ್ದು ಕೂಡ ಪಕ್ಷದ ಪ್ರತಿನಿಧಿಗಳು ಮಾತ್ರ. ಇಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಯಾವ ಪಕ್ಷಕ್ಕೂ ಸೇರದ ಮತದಾರ ಕೂಡ ಅವತ್ತು ಬೆಳಿಗ್ಗೆ ಹೋಗಿ, ತನಗೆ ಬೇಕಾದ ಪಕ್ಷದ ಮತಪತ್ರ ಕೇಳಿ ಪಡೆದು, ಆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಹೇಳಬಹುದು.

ಅಮೆರಿಕದಲ್ಲೂ ಇದು ಸುಲಭವಾಗಿ ಬಂದದ್ದಲ್ಲ. 1968ರಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ನಿಂತ ಯೂಜೀನ್ ಮೆಕಾರ್ಥಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶೇ. 42ರಷ್ಟು ಮತ ಪಡೆದು, ಅಧಿಕಾರದಲ್ಲಿದ್ದ ಲಿಂಡನ್ ಜಾನ್ಸನ್ ಅವರನ್ನೇ ಅಲುಗಾಡಿಸಿದರು. ಆ ತಿಂಗಳ ಕೊನೆಗೆ ಜಾನ್ಸನ್ ತಾವು ಮತ್ತೆ ನಿಲ್ಲುವುದಿಲ್ಲ ಅಂದರು. ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾ ಗೆದ್ದ ರಾತ್ರಿಯೇ ರಾಬರ್ಟ್ ಕೆನಡಿ ಅವರಿಗೆ ಗುಂಡೇಟು ಬಿತ್ತು. ಕೊನೆಗೆ ಶಿಕಾಗೋ ಸಮಾವೇಶದಲ್ಲಿ ಟಿಕೆಟ್ ಸಿಕ್ಕಿದ್ದು ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿ ಅವರಿಗೆ. ಹೊರಗೆ ಬೀದಿಯಲ್ಲಿ ಪೊಲೀಸರು ಯುವಕರನ್ನು ಬಡಿಯುತ್ತಿದ್ದರು. ಆ ಅವಮಾನದಿಂದಲೇ ಪಕ್ಷ ತನ್ನ ನಿಯಮಗಳನ್ನು ಬದಲಿಸಿ, 1972ರಿಂದ ಪ್ರೈಮರಿಗಳಿಗೆ ನಿಜವಾದ ಬೆಲೆ ಕೊಟ್ಟಿತು. ಅಂದರೆ ಈ ಹಕ್ಕನ್ನು ಜನ ಬೀದಿಯಲ್ಲಿ ಏಟು ತಿಂದು ಪಡೆದಿದ್ದಾರೆ. ಅದಕ್ಕೇ ಅದನ್ನು ಊಹೆಗೆ ಒತ್ತೆ ಇಟ್ಟಾಗ ನನಗೆ ಸಂಕಟವಾಗುತ್ತದೆ.

2019ರ ಜೂನ್‌ನಲ್ಲಿ ಮಯಾಮಿಯ ಮೊದಲ ಡಿಬೇಟ್‌ನಲ್ಲಿ ಎರಡು ರಾತ್ರಿ ಸೇರಿ 20 ಅಭ್ಯರ್ಥಿಗಳು ನಿಂತಿದ್ದರು. ಸೆನೆಟರ್‌ಗಳು, ಗವರ್ನರ್‌ಗಳು, ಸುಮಾರು ಒಂದು ಲಕ್ಷ ಜನರ ಊರಿನ ಮೇಯರ್ ಒಬ್ಬರು, ಪ್ರತಿಯೊಬ್ಬ ವಯಸ್ಕನಿಗೆ ತಿಂಗಳಿಗೆ 1,000 ಡಾಲರ್ ಕೊಡುತ್ತೇನೆ ಅನ್ನುವ ಆಂಡ್ರ್ಯೂ ಯಾಂಗ್. ಅಷ್ಟು ಬಗೆಯ ಜನ ಒಂದು ಪಕ್ಷದಲ್ಲಿ ಇದ್ದಾರಲ್ಲ ಅಂತ ಖುಷಿಯಾಗಿತ್ತು.

ಅವರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಎಲಿಜಬೆತ್ ವಾರನ್. ಪಕ್ಕದ ಮ್ಯಾಸಚೂಸೆಟ್ಸ್‌ನ ಸೆನೆಟರ್, ಅದಕ್ಕೂ ಮುಂಚೆ ಹಾರ್ವರ್ಡ್‌ನಲ್ಲಿ ದಿವಾಳಿ ಕಾನೂನು ಕಲಿಸುತ್ತಿದ್ದ ಪ್ರೊಫೆಸರ್. ಹುಟ್ಟಿದ್ದು ಓಕ್ಲಹೋಮಾದ ಸಾಮಾನ್ಯ ಮನೆಯಲ್ಲಿ. ಅಪ್ಪನಿಗೆ ಹೃದಯಾಘಾತವಾಗಿ ಮನೆ ಕೈಬಿಡುವ ಹಂತಕ್ಕೆ ಬಂದಾಗ, ಅಮ್ಮ ಕಣ್ಣೀರು ಒರೆಸಿಕೊಂಡು, ಇದ್ದ ಒಂದು ಒಳ್ಳೆಯ ಬಟ್ಟೆ ತೊಟ್ಟು, ಸಿಯರ್ಸ್ ಅಂಗಡಿಗೆ ನಡೆದುಹೋಗಿ ಕನಿಷ್ಠ ಕೂಲಿಯ ಕೆಲಸ ಹಿಡಿದ ಕತೆಯನ್ನು ಅವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಆಗ ಆ ಕೂಲಿಯಲ್ಲಿ ಮೂರು ಜನರ ಸಂಸಾರ ನಡೆಯಿತು, ಈಗ ತಾಯಿ ಮತ್ತು ಮಗುವಿನ ಸಂಸಾರವೂ ನಡೆಯುವುದಿಲ್ಲ, ಯಾಕೆ? ಅಲ್ಲಿಂದ ಅವರ ಲೆಕ್ಕ ಶುರುವಾಗುತ್ತಿತ್ತು. 5 ಕೋಟಿ ಡಾಲರ್ ಮೇಲಿನ ಆಸ್ತಿಗೆ ವರ್ಷಕ್ಕೆ ಶೇ. 2 ತೆರಿಗೆ. ಅದರಿಂದ ಬಂದ ದುಡ್ಡಿನಲ್ಲಿ ಮಕ್ಕಳ ಆರೈಕೆ, ಕಾಲೇಜು ಸಾಲದ ಮನ್ನಾ. ಡಾಲರಿಗೆ ಎರಡೇ ಸೆಂಟ್ ಅಂತ ಅವರು ಎರಡು ಬೆರಳು ಎತ್ತಿದರೆ, ಜಿಮ್ ತುಂಬಾ ಜನ ಅದನ್ನೇ ಕೂಗುತ್ತಿದ್ದರು.

ಅಂಥ ಒಂದು ಸಭೆಯಲ್ಲಿ ನಾನೂ ಇದ್ದೆ. ಭಾಷಣಕ್ಕಿಂತ ಆಮೇಲಿನದು ನೆನಪಿನಲ್ಲಿ ಉಳಿದಿದೆ. ಕೊನೆಯ ಮನುಷ್ಯನ ತನಕ ಅವರು ನಿಂತು ಎಲ್ಲರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಾಲಿನಲ್ಲಿ ಪುಟ್ಟ ಹುಡುಗಿಯರು ಬಂದರೆ ಬಗ್ಗಿ, ಕಿರುಬೆರಳಿಗೆ ಕಿರುಬೆರಳು ಹೆಣೆದು, ನಾನು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದೇನೆ, ಯಾಕಂದರೆ ಹುಡುಗಿಯರು ಮಾಡುವುದೇ ಅದನ್ನು ಅಂತ ಹೇಳಿಕೊಡುತ್ತಿದ್ದರು. ಇದನ್ನು ಪ್ರಚಾರದ ತಂತ್ರ ಅನ್ನುವವರಿದ್ದಾರೆ. ಇರಲಿ. ಆ ಮಕ್ಕಳ ಮುಖ ನೋಡಿದವರಿಗೆ ಅದು ಬರೀ ತಂತ್ರ ಅನ್ನಿಸುವುದಿಲ್ಲ.

ವಾರನ್ ಅವರಲ್ಲಿ ದೋಷ ಇರಲಿಲ್ಲ ಅಂತಲ್ಲ. ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಅನ್ನುವ, ಇನ್ನೊಬ್ಬ ಅಭ್ಯರ್ಥಿ ಬರ್ನಿ ಸ್ಯಾಂಡರ್ಸ್ ಅವರ ಯೋಜನೆಯನ್ನು ಅವರು ಪೂರ್ತಿ ಒಪ್ಪಿಕೊಂಡರು. ದುಡ್ಡು ಎಲ್ಲಿಂದ ಅಂತ ಪದೇ ಪದೇ ಕೇಳಿದಾಗ, ನವೆಂಬರ್ ಮೊದಲ ದಿನ 20.5 ಲಕ್ಷ ಕೋಟಿ ಡಾಲರ್‌ಗಳ ಲೆಕ್ಕವನ್ನು ಮುಂದಿಟ್ಟರು. ಎರಡು ವಾರ ಕಳೆಯುವಷ್ಟರಲ್ಲಿ, ಮೊದಲು ಒಂದು ಚಿಕ್ಕ ಯೋಜನೆ, ಮೂರನೇ ವರ್ಷದಲ್ಲಿ ಪೂರ್ತಿಯದು ಅಂದರು. ಎಡದವರಿಗೆ ಇದು ಹಿಂಜರಿಕೆ, ನಡುವಿನವರಿಗೆ ಅತಿ. ಎರಡೂ ಕಡೆಯಿಂದ ಬೆಂಬಲ ಸೋರಿತು. ಅಕ್ಟೋಬರ್‌ನಲ್ಲಿ ಸಮೀಕ್ಷೆಗಳ ತುದಿಯಲ್ಲಿದ್ದವರು ಕ್ರಿಸ್‌ಮಸ್ ಹೊತ್ತಿಗೆ ಇಳಿದಿದ್ದರು. ಆದರೂ ಲೆಕ್ಕ ಕೊಟ್ಟವರು ಅವರೊಬ್ಬರೇ ಅಲ್ವಾ? ಲೆಕ್ಕ ಕೊಟ್ಟಿದ್ದಕ್ಕೇ ಶಿಕ್ಷೆಯಾಯಿತು. ಇದು ನನಗೆ ಈಗಲೂ ಅನ್ಯಾಯ ಅನ್ನಿಸುತ್ತದೆ.

ಆರೋಗ್ಯ ವಿಮೆಯ ಮಾತು ನಮ್ಮಂಥವರಿಗೆ ದೂರದ್ದಲ್ಲ. ಎಚ್-1ಬಿ ವೀಸಾದಲ್ಲಿ ಇರುವವರ ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಕೆಲಸದ ಜೊತೆಗೇ ವಿಮೆಯೂ ಹೋಗುತ್ತದೆ. ಮನೆಯಲ್ಲಿ ಮಗುವಿದ್ದು, ಅದಕ್ಕೆ ಆಸ್ತಮಾ ಇದ್ದರೆ, ಆ ಎರಡು ತಿಂಗಳು ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಹಾಗಾಗಿ ವಾರನ್, ಸ್ಯಾಂಡರ್ಸ್ ಇಬ್ಬರೂ ಕೆಲಸಕ್ಕೂ ವಿಮೆಗೂ ಇರುವ ಗಂಟನ್ನು ಬಿಚ್ಚಬೇಕು ಅಂದಾಗ, ನಾನು ಅದನ್ನು ಸಿದ್ಧಾಂತದ ಮಾತಾಗಿ ಕೇಳಿಸಿಕೊಳ್ಳಲಿಲ್ಲ.

ಈಗ ಪಕ್ಕದ ಮನೆಯವರ ವಿಷಯ. ನಮ್ಮ ಬೀದಿಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ವಾರನ್ ಅಂದರೆ ಪ್ರಾಣ. ಅವರ ಯೋಜನೆಗಳನ್ನೆಲ್ಲ ಓದಿಕೊಂಡಿದ್ದರು. ಜನವರಿಯಲ್ಲಿ ಒಂದು ದಿನ, ಓಟು ಮಾತ್ರ ಆ ಒಂದು ಲಕ್ಷ ಜನರ ಊರಿನ ಮೇಯರ್ ಆಗಿದ್ದ ಪೀಟ್ ಬೂಟೆಜೆಜ್‌ಗೆ ಹಾಕುತ್ತೇನೆ ಅಂದರು. ಯಾಕೆ ಅಂತ ಕೇಳಿದೆ. ನನಗೆ ವಾರನ್ ಇಷ್ಟ, ಆದರೆ ಪೆನ್ಸಿಲ್ವೇನಿಯಾದ ಗಂಡಸರು ಆಕೆಗೆ ಓಟು ಹಾಕುವುದಿಲ್ಲ ಅಂದರು. ಪೆನ್ಸಿಲ್ವೇನಿಯಾ ನಮ್ಮಿಂದ ಎಷ್ಟೋ ನೂರು ಮೈಲಿ ದೂರ. ಅಲ್ಲಿನ ಯಾರೋ ಅಪರಿಚಿತ ಗಂಡಸಿನ ಮನಸ್ಸನ್ನು ಊಹಿಸಿ, ಅವನ ಪರವಾಗಿ ಈಕೆ ತನ್ನ ಓಟನ್ನು ಬದಲಿಸಿಕೊಂಡರು.

ಅವರನ್ನು ನಾನು ದೂರುವುದಿಲ್ಲ. 2016ರ ಗಾಯ ಹಸಿಯಾಗಿತ್ತು. ಹಿಲರಿ ಕ್ಲಿಂಟನ್ ದೇಶದ ಒಟ್ಟು ಮತಗಳಲ್ಲಿ 28 ಲಕ್ಷಕ್ಕೂ ಹೆಚ್ಚು ಮುಂದಿದ್ದರು. ಆದರೂ ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ 80,000ಕ್ಕಿಂತ ಕಡಿಮೆ ಮತಗಳಿಂದ ಅಧ್ಯಕ್ಷ ಸ್ಥಾನ ಕೈತಪ್ಪಿತ್ತು. ಅಂಥ ಸೋಲು ಕಂಡ ಪಕ್ಷ ಹೆದರುವುದು ಸಹಜ. ನ್ಯೂ ಹ್ಯಾಂಪ್‌ಶೈರ್ ಮತಗಟ್ಟೆಗಳ ಹೊರಗೆ ನಡೆದ ಸಮೀಕ್ಷೆಯಲ್ಲಿ ಹತ್ತರಲ್ಲಿ ಸುಮಾರು ಆರು ಮಂದಿ, ನಮ್ಮ ವಿಚಾರ ಒಪ್ಪುವವರಿಗಿಂತ ಟ್ರಂಪ್ ಅವರನ್ನು ಸೋಲಿಸಬಲ್ಲವರು ಮುಖ್ಯ ಅಂದರು. ನಮ್ಮೂರ ಭಾಷೆಯಲ್ಲಿ ಹೇಳುವುದಾದರೆ, ಗೆಲ್ಲುವ ಕುದುರೆ ಬೇಕಿತ್ತು. ನಮ್ಮಲ್ಲಿ ಗೆಲ್ಲುವ ಕುದುರೆಯನ್ನು ಹೈಕಮಾಂಡ್ ಹುಡುಕುತ್ತದೆ. ಇಲ್ಲಿ ಪ್ರತಿ ಮತದಾರನೂ ತಾನೇ ಹೈಕಮಾಂಡ್ ಆಗಿಬಿಟ್ಟಿದ್ದ.

ಇದರಲ್ಲಿ ಕಷ್ಟ ಏನಂದರೆ, ಯಾರು ಗೆಲ್ಲುತ್ತಾರೆ ಅನ್ನುವ ಊಹೆ ಯಾವಾಗಲೂ ಈ ಹಿಂದೆ ಗೆದ್ದವರ ಮುಖವನ್ನೇ ಹುಡುಕುತ್ತದೆ. ಈ ಹಿಂದೆ ಗೆದ್ದವರು, ಒಬಾಮಾ ಬಿಟ್ಟರೆ, ಎಲ್ಲರೂ ಬಿಳಿ ಗಂಡಸರು. ಕೋರಿ ಬುಕರ್, ಹುಲಿಯನ್ ಕ್ಯಾಸ್ಟ್ರೋ ಅಂಥ ಸಮರ್ಥರು ಮತದಾನಕ್ಕೆ ಮುಂಚೆಯೇ ಹೊರಗೆ ಹೋದರು. ಜನವರಿ 14ರ ಡೆ ಮೊಯಿನ್ ಡಿಬೇಟ್‌ಗೆ ಅರ್ಹರಾಗಿ ಉಳಿದ ಆರೂ ಜನ ಬಿಳಿಯರು. ಅವತ್ತು ಚರ್ಚೆಯಾದದ್ದೂ ಇದೇ ವಿಷಯ. ಹೆಂಗಸು ಗೆಲ್ಲಲಾರಳು ಅಂತ ಸ್ಯಾಂಡರ್ಸ್ ತಮ್ಮ ಹತ್ತಿರ 2018ರಲ್ಲಿ ಹೇಳಿದ್ದರು ಅಂತ ವಾರನ್, ಹೇಳಿಲ್ಲ ಅಂತ ಸ್ಯಾಂಡರ್ಸ್. ನಿಜ ಯಾವುದೋ, ಅದು ಅವರಿಬ್ಬರ ನಡುವಿನದು. ಆದರೆ ವಾರನ್ ಆಮೇಲೆ ಹೇಳಿದ ಮಾತು ನೆಟ್ಟಗೆ ತಾಗಿತು. ಈ ವೇದಿಕೆಯಲ್ಲಿರುವ ಗಂಡಸರೆಲ್ಲ ಸೇರಿ 10 ಚುನಾವಣೆ ಸೋತಿದ್ದಾರೆ, ನಿಂತ ಪ್ರತಿ ಚುನಾವಣೆಯನ್ನೂ ಗೆದ್ದವರು ನಾವಿಬ್ಬರು ಹೆಂಗಸರೇ ಅಂದರು. ಇನ್ನೊಬ್ಬರು ಮಿನೆಸೋಟಾದ ಏಮಿ ಕ್ಲೋಬಚರ್. ಇಷ್ಟು ಸ್ಪಷ್ಟ ಲೆಕ್ಕ ಕಣ್ಣ ಮುಂದಿದ್ದರೂ ಗೆಲ್ಲುವ ಶಕ್ತಿಯ ಬಗ್ಗೆ ಅನುಮಾನ ಬಂದದ್ದು ಅವರಿಬ್ಬರ ಮೇಲೆಯೇ.

ಕಮಲಾ ಹ್ಯಾರಿಸ್ ಬಗ್ಗೆ ನಮ್ಮ ಜನರಲ್ಲಿ ಎರಡು ಮಾತಿತ್ತು. ಅಮ್ಮ ಶ್ಯಾಮಲಾ ಗೋಪಾಲನ್ ತಮಿಳುನಾಡಿನ ಮೂಲದವರು, ಇಡ್ಲಿ ದೋಸೆ ಗೊತ್ತಿರುವ ಮನೆ, ಹಾಗಾಗಿ ನಮ್ಮವರೇ ಅನ್ನುವ ಅಭಿಮಾನ ಒಂದು ಕಡೆ. ಇನ್ನೊಂದು ಕಡೆ, ನಮ್ಮ ಕನ್ನಡ ಕೂಟದ ಗುಂಪಿನಲ್ಲಿ ಮತ್ತೊಬ್ಬ ಅಭ್ಯರ್ಥಿ ತುಳಸಿ ಗ್ಯಾಬರ್ಡ್ ಅವರಿಗೂ ಅಷ್ಟೇ ಅಭಿಮಾನಿಗಳಿದ್ದರು. ಭಾರತೀಯ ಮೂಲದವರಲ್ಲದಿದ್ದರೂ ಹಿಂದೂ, ಭಗವದ್ಗೀತೆಯ ಮೇಲೆ ಪ್ರಮಾಣ ತೆಗೆದುಕೊಂಡವರು. ಕಾಶ್ಮೀರದ ಬಗ್ಗೆ ಮಾತಾಡಿದರು ಅಂತ ಸ್ಯಾಂಡರ್ಸ್ ಮೇಲೆ ಸಿಟ್ಟಾದವರೂ ಇದ್ದರು. ನನಗೆ ಈ ಅಳತೆಗೋಲು ಸಾಲದು ಅನ್ನಿಸುತ್ತಿತ್ತು. ನಾವು ಬದುಕುತ್ತಿರುವುದು ಇಲ್ಲಿ. ನಮ್ಮ ಮಕ್ಕಳ ಶಾಲೆ, ಆಸ್ಪತ್ರೆಯ ಬಿಲ್ಲು, ವೀಸಾ ಕ್ಯೂ ಎಲ್ಲ ಇಲ್ಲಿನದು. ಅಭ್ಯರ್ಥಿಯನ್ನು ಅದರ ಮೇಲೆ ತೂಗಬೇಕಲ್ಲವೇ?

ಹಾಗೆ ತೂಗಿದರೆ 2019ರ ಹ್ಯಾರಿಸ್ ನನಗೆ ಅರ್ಧ ಸಿದ್ಧವಾದ ಅಭ್ಯರ್ಥಿ. ಶುರು ಭರ್ಜರಿಯಾಗಿತ್ತು. ಓಕ್‌ಲ್ಯಾಂಡ್‌ನ ಮೊದಲ ಸಭೆಗೆ ಸುಮಾರು 20,000 ಜನ ಸೇರಿದ್ದರು. ಜೂನ್ 27ರ ಡಿಬೇಟ್‌ನಲ್ಲಿ, ಕರಿಯ ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕಳಿಸುವ ಯೋಜನೆಯನ್ನು ಹಿಂದೆ ಬೈಡನ್ ವಿರೋಧಿಸಿದ್ದನ್ನು ಎತ್ತಿ, ಆ ಬಸ್ಸಿನಲ್ಲಿದ್ದ ಪುಟ್ಟ ಹುಡುಗಿ ನಾನೇ ಅಂದಾಗ ಸಭೆ ಸ್ತಬ್ಧವಾಯಿತು. ಆದರೆ ವಿಮೆಯ ವಿಷಯಕ್ಕೆ ಬಂದರೆ ಒಂದು ದಿನ ಒಂದು ಮಾತು, ಮರುದಿನ ಪ್ರಶ್ನೆ ತಪ್ಪಾಗಿ ಕೇಳಿಸಿತು ಅನ್ನುವ ವಿವರಣೆ. ಮುಂದಿನ ತಿಂಗಳು ಡೆಟ್ರಾಯಿಟ್‌ನಲ್ಲಿ ಗ್ಯಾಬರ್ಡ್ ಅವರು ಹ್ಯಾರಿಸ್ ಪ್ರಾಸಿಕ್ಯೂಟರ್ ಆಗಿದ್ದಾಗಿನ ದಾಖಲೆ ಹಿಡಿದು ಪ್ರಶ್ನಿಸಿದಾಗ ಗಟ್ಟಿ ಉತ್ತರ ಬರಲಿಲ್ಲ. ಡಿಸೆಂಬರ್ 3ಕ್ಕೆ ಕಣದಿಂದ ಹೊರಗೆ. ಒಬ್ಬ ಮತದಾರನೂ ಅವರ ಹೆಸರಿನ ಮುಂದೆ ಗುರುತು ಹಾಕುವ ಹೊತ್ತು ಬರಲೇ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಫೆಬ್ರವರಿ 3ರ ಅಯೋವಾ ಕಾಕಸ್ (ಮತದಾರರು ಸಭೆ ಸೇರಿ ಅಭ್ಯರ್ಥಿಯನ್ನು ಆರಿಸುವ ಪದ್ಧತಿ) ಬಗ್ಗೆ ಹೆಚ್ಚು ಹೇಳುವುದಿಲ್ಲ. ಫಲಿತಾಂಶ ಕಳಿಸಲು ಮಾಡಿದ ಆ್ಯಪ್ ಕೆಟ್ಟು, ಅವತ್ತು ರಾತ್ರಿ ಯಾರು ಗೆದ್ದರು ಅಂತಲೇ ತಿಳಿಯಲಿಲ್ಲ. ದಿನಗಳ ನಂತರ, ಅಭ್ಯರ್ಥಿಯನ್ನು ಆರಿಸಲು ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳ, ಅಂದರೆ ಡೆಲಿಗೇಟ್‌ಗಳ, ಲೆಕ್ಕದಲ್ಲಿ ಬೂಟೆಜೆಜ್ ಕೂದಲೆಳೆಯಷ್ಟು ಮುಂದೆ, ಒಟ್ಟು ಮತಗಳಲ್ಲಿ ಸ್ಯಾಂಡರ್ಸ್ ಮುಂದೆ. ನಮ್ಮ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಫೆಬ್ರವರಿ 11ಕ್ಕೆ ಸ್ಯಾಂಡರ್ಸ್ ಸುಮಾರು ಶೇ. 26, ಬೂಟೆಜೆಜ್ ಶೇ. 24 ಚಿಲ್ಲರೆ, ಕ್ಲೋಬಚರ್ ಸುಮಾರು ಶೇ. 20. ಪಕ್ಕದ ರಾಜ್ಯದ ಸೆನೆಟರ್ ವಾರನ್‌ಗೆ ಶೇ. 9 ಚಿಲ್ಲರೆ. ಶೇ. 15 ದಾಟದಿದ್ದರೆ ಡೆಲಿಗೇಟ್ ಸಿಗುವುದಿಲ್ಲ, ಹಾಗಾಗಿ ಸೊನ್ನೆ. ನಮ್ಮ ಬೀದಿಯ ಟೀಚರ್ ಅವತ್ತು ಸಂಜೆ ಖುಷಿಯಾಗಿರಲಿಲ್ಲ.

ಸ್ಯಾಂಡರ್ಸ್ ಬಗ್ಗೆ ನನಗೆ ದೊಡ್ಡ ಗೌರವವಿದೆ. ಅಕ್ಟೋಬರ್‌ನಲ್ಲಿ ಹೃದಯಾಘಾತವಾಗಿ, ಅದೇ ತಿಂಗಳು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಸಾವಿರಾರು ಜನರ ಮುಂದೆ ಮತ್ತೆ ನಿಂತ 78ರ ಮನುಷ್ಯ. ಬರ್ಲಿಂಗ್ಟನ್ ಊರಿನ ಮೇಯರ್ ಆಗಿದ್ದಾಗಿನಿಂದ ಹೇಳುತ್ತಿದ್ದ ಮಾತನ್ನೇ ಹೇಳುತ್ತಾ ಬಂದವರು. ಅವರ ಬೆಂಬಲಿಗರು ಊಹೆಯ ಆಟ ಆಡಲಿಲ್ಲ, ಅದು ನನಗೆ ತುಂಬಾ ಇಷ್ಟವಾದ ಗುಣ. ನೆವಾಡಾದಲ್ಲಿ ಅದು ಚೆನ್ನಾಗಿ ಕಾಣಿಸಿತು. ಲಾಸ್ ವೇಗಸ್ ಹೋಟೆಲ್ ಕೆಲಸಗಾರರ ದೊಡ್ಡ ಸಂಘ, ಹೋರಾಡಿ ಪಡೆದ ತಮ್ಮ ಸ್ವಂತ ವಿಮೆ ಸ್ಯಾಂಡರ್ಸ್ ಯೋಜನೆಯಿಂದ ಹೋಗುತ್ತದೆ ಅಂತ ಸದಸ್ಯರನ್ನು ಎಚ್ಚರಿಸಿತ್ತು. ಆದರೂ ಫೆಬ್ರವರಿ 22ರಂದು ಹೋಟೆಲ್‌ಗಳ ಒಳಗೇ ನಡೆದ ಕಾಕಸ್‌ಗಳಲ್ಲಿ ಎಷ್ಟೋ ಕೆಲಸಗಾರರು, ಅದರಲ್ಲೂ ಲ್ಯಾಟಿನೋ ಹೆಣ್ಣುಮಕ್ಕಳು, ಸ್ಯಾಂಡರ್ಸ್ ಕಡೆ ಹೋಗಿ ನಿಂತರು. ತಮಗೆ ವಿಮೆ ಇದೆ, ತಮ್ಮವರಿಗೆ ಇಲ್ಲವಲ್ಲ ಅನ್ನುವುದು ಅವರ ಮಾತಾಗಿತ್ತು. ಸ್ಯಾಂಡರ್ಸ್ ಅಲ್ಲಿ ಶೇ. 46ಕ್ಕೂ ಹೆಚ್ಚು ಪಡೆದರು. ಅವರ ಕೊರತೆ ಒಂದೇ. ತಮ್ಮ ಗುಂಪಿನ ಆಚೆಗೆ ಕೈ ಚಾಚುವುದು ಅವರಿಗೆ ಕೊನೆತನಕ ಒಗ್ಗಲಿಲ್ಲ. ಗೆದ್ದ ವಾರದಲ್ಲೂ ಪಕ್ಷದ ಹಿರಿಯರ ಜೊತೆ ಜಗಳದ ಧಾಟಿಯಲ್ಲೇ ಮಾತಾಡಿದರು.

ನೆವಾಡಾಕ್ಕೆ ಮೂರು ದಿನ ಮುಂಚೆ ನಡೆದ ಡಿಬೇಟ್‌ನಲ್ಲಿ ವಾರನ್ ಒಂದು ದೊಡ್ಡ ಉಪಕಾರ ಮಾಡಿದರು. ನ್ಯೂಯಾರ್ಕಿನ ಹಳೆಯ ಮೇಯರ್, ಕೋಟ್ಯಧಿಪತಿ ಮೈಕ್ ಬ್ಲೂಮ್‌ಬರ್ಗ್ ಮೊದಲ ನಾಲ್ಕು ರಾಜ್ಯಗಳನ್ನೇ ಬಿಟ್ಟು, ಬರೀ ಜಾಹೀರಾತಿನ ಬಲದಿಂದ ಸಮೀಕ್ಷೆಯಲ್ಲಿ ಮೇಲೆ ಬಂದಿದ್ದರು. ಅವರ ಕಂಪನಿಯಲ್ಲಿ ದೂರು ಕೊಟ್ಟ ಹೆಂಗಸರಿಂದ ಬಾಯಿ ಬಿಡಬಾರದೆಂದು ಸಹಿ ಹಾಕಿಸಿಕೊಂಡ ಒಪ್ಪಂದಗಳಿವೆಯಲ್ಲ, ಅವರನ್ನು ಆ ಒಪ್ಪಂದದಿಂದ ಬಿಡಿಸುತ್ತೀರಾ ಅಂತ ವಾರನ್ ಎಲ್ಲರೆದುರು ಕೇಳಿದರು. ಬ್ಲೂಮ್‌ಬರ್ಗ್ ಉತ್ತರಕ್ಕೆ ತಡಕಾಡಿದರು. ಸೂಪರ್ ಟ್ಯೂಸ್‌ಡೇ ಹೊತ್ತಿಗೆ 50 ಕೋಟಿ ಡಾಲರ್‌ಗೂ ಹೆಚ್ಚು ಸುರಿದ ಅವರಿಗೆ ಗೆಲುವು ಸಿಕ್ಕಿದ್ದು ಅಮೆರಿಕನ್ ಸಮೋವಾ ದ್ವೀಪಗಳಲ್ಲಿ ಮಾತ್ರ. ದುಡ್ಡಿನಿಂದ ಟಿಕೆಟ್ ಕೊಳ್ಳಲು ಆಗಲಿಲ್ಲ ಅನ್ನುವುದು ಪ್ರೈಮರಿ ಪದ್ಧತಿಯ ಬಗ್ಗೆ ನನಗಿರುವ ದೊಡ್ಡ ಸಮಾಧಾನ.

ಇನ್ನು ಸೌತ್ ಕ್ಯಾರೊಲೈನಾ. ಊಹೆಯನ್ನು ಇಷ್ಟು ದೂರಿದ ನಾನು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿನ ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಕರಿಯರು. ಅಯೋವಾ, ನ್ಯೂ ಹ್ಯಾಂಪ್‌ಶೈರ್ ಎರಡೂ ಹೆಚ್ಚೂಕಡಿಮೆ ಬಿಳಿಯರ ರಾಜ್ಯಗಳು. ಅಂದರೆ ಪಕ್ಷದ ನಿಷ್ಠಾವಂತ ಮತದಾರರ ಬಾಯಿಗೆ ಮಾತು ಬಂದದ್ದೇ ನಾಲ್ಕನೇ ಸುತ್ತಿನಲ್ಲಿ. ಮತದಾನಕ್ಕೆ ಮೂರು ದಿನ ಇರುವಾಗ ಆ ರಾಜ್ಯದ ಕರಿಯ ನಾಯಕ, ಅಮೆರಿಕ ಸಂಸತ್ತಿನ ಹಿರಿಯ ಸದಸ್ಯ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಘೋಷಿಸಿದರು. ನಮಗೆ ಜೋ ಗೊತ್ತು, ಅದಕ್ಕಿಂತ ಮುಖ್ಯ, ಜೋಗೆ ನಾವು ಗೊತ್ತು ಅಂದರು. ಬೈಡನ್ ಶೇ. 48ಕ್ಕೂ ಹೆಚ್ಚು ಮತ ಪಡೆದು ಗೆದ್ದರು.

ನಮ್ಮ ಬೀದಿಯ ಲೆಕ್ಕಕ್ಕೂ ಅಲ್ಲಿನ ಲೆಕ್ಕಕ್ಕೂ ವ್ಯತ್ಯಾಸ ಇದೆ ಅಂತ ನನಗೆ ಅನ್ನಿಸುತ್ತದೆ. ಬಿಳಿಯ ಅಮೆರಿಕ ಎಲ್ಲಿಯ ತನಕ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ ಅಂತ ಆ ಹಿರಿಯರು ತಲೆಮಾರುಗಳಿಂದ ಮೈಮೇಲೆ ಅನುಭವಿಸಿ ತಿಳಿದವರು. ಚುನಾವಣೆ ಸೋತರೆ ಮೊದಲು ಏಟು ಬೀಳುವುದು ಅವರಿಗೇ. ಮತ್ತೆ, ಅವರಿಗೆ ಬೈಡನ್ ಬರೀ ಗೆಲ್ಲುವ ಕುದುರೆ ಆಗಿರಲಿಲ್ಲ. ಎಂಟು ವರ್ಷ ಒಬಾಮಾ ಪಕ್ಕದಲ್ಲಿ, ಎರಡನೆಯವರಾಗಿ, ನಿಷ್ಠೆಯಿಂದ ನಿಂತ ಮನುಷ್ಯ. ಹೆಂಡತಿ, ಮಗಳನ್ನು 1972ರ ಅಪಘಾತದಲ್ಲಿ, ಮಗನನ್ನು 2015ರಲ್ಲಿ ಕಳೆದುಕೊಂಡು, ಬೇರೆಯವರ ದುಃಖ ಕಂಡರೆ ನಿಂತು ಮಾತಾಡಿಸುವ ಮನುಷ್ಯ. ಸುಪ್ರೀಂ ಕೋರ್ಟಿಗೆ ಕರಿಯ ಮಹಿಳೆಯನ್ನು ನೇಮಿಸುತ್ತೇನೆ ಅಂತ ಅದೇ ವಾರ ಚಾರ್ಲ್‌ಸ್ಟನ್ ಡಿಬೇಟ್‌ನಲ್ಲಿ ಮಾತು ಕೊಟ್ಟರು. 2022ರಲ್ಲಿ ಕೆಟಾಂಜಿ ಬ್ರೌನ್ ಜ್ಯಾಕ್ಸನ್ ಅವರನ್ನು ನೇಮಿಸಿ ಉಳಿಸಿಕೊಂಡರು. ಸೌತ್ ಕ್ಯಾರೊಲೈನಾದವರು ತಮ್ಮ ಮತಕ್ಕೆ ಬೆಲೆ ಕೇಳಿ ಪಡೆದರು. ನಮ್ಮ ಬೀದಿಯವರು ಏನೂ ಕೇಳದೆ ಬಿಟ್ಟುಕೊಟ್ಟರು.

ಆಮೇಲಿನ 72 ಗಂಟೆ ಮಿಂಚಿನಂತೆ ಹೋಯಿತು. ಮಾರ್ಚ್ 1ಕ್ಕೆ ಬೂಟೆಜೆಜ್, 2ಕ್ಕೆ ಕ್ಲೋಬಚರ್ ಹಿಂದೆ ಸರಿದರು. ಅವತ್ತು ರಾತ್ರಿ ಇಬ್ಬರೂ ಡಲ್ಲಾಸ್‌ಗೆ ಹೋಗಿ ಬೈಡನ್ ಜೊತೆ ನಿಂತರು. 3ಕ್ಕೆ ಸೂಪರ್ ಟ್ಯೂಸ್‌ಡೇ. ಬೈಡನ್ ಹೆಚ್ಚೂಕಡಿಮೆ ಪ್ರಚಾರವನ್ನೇ ಮಾಡದ ಮ್ಯಾಸಚೂಸೆಟ್ಸ್‌ನಲ್ಲೂ ಗೆದ್ದರು. ಅದೇ ರಾಜ್ಯದ ಸೆನೆಟರ್ ವಾರನ್ ಮೂರನೇ ಸ್ಥಾನ. 5ನೇ ತಾರೀಕು ಕೇಂಬ್ರಿಜ್‌ನ ತಮ್ಮ ಮನೆಯ ಮುಂದೆ ನಿಂತು ವಾರನ್ ಹಿಂದೆ ಸರಿಯುವುದಾಗಿ ಹೇಳಿದರು. ಕಿರುಬೆರಳು ಹೆಣೆದ ಆ ಪುಟ್ಟ ಹುಡುಗಿಯರು ಇನ್ನೂ ನಾಲ್ಕು ವರ್ಷ ಕಾಯಬೇಕಾಗುತ್ತದಲ್ಲ ಅಂದಾಗ ಅವರ ಗಂಟಲು ಕಟ್ಟಿತ್ತು. ನನ್ನದೂ ಕಟ್ಟಿತು.

ಅದಾದ ಮೇಲೆ ಕೊರೊನಾ ಬಂದು ಎಲ್ಲ ನಿಂತಿತು. ಮಾರ್ಚ್ 15ರ ಕೊನೆಯ ಡಿಬೇಟ್ ಪ್ರೇಕ್ಷಕರೇ ಇಲ್ಲದೆ ನಡೆಯಿತು. ಏಪ್ರಿಲ್ 8ಕ್ಕೆ ಸ್ಯಾಂಡರ್ಸ್ ಕೂಡ ಪ್ರಚಾರ ನಿಲ್ಲಿಸಿದರು. ನವೆಂಬರ್‌ನಲ್ಲಿ ಬೈಡನ್ ಗೆದ್ದರು. ಹಾಗಾದರೆ ಊಹೆ ಸರಿಯಾಯಿತಲ್ಲ ಅಂತ ಯಾರಾದರೂ ಕೇಳಬಹುದು. ಆ ಒಂದು ಚುನಾವಣೆಯ ಮಟ್ಟಿಗೆ ಹೌದು. ವಾರನ್ ನಿಂತಿದ್ದರೆ ಗೆಲ್ಲುತ್ತಿದ್ದರು ಅಂತ ನಾನು ಹೇಳಲಾರೆ. ನನ್ನ ದೂರು ಬೇರೆ. ಮಾರ್ಚ್ 9ರಂದು ಡೆಟ್ರಾಯಿಟ್‌ನಲ್ಲಿ ಹ್ಯಾರಿಸ್, ಬುಕರ್, ಮಿಶಿಗನ್ ಗವರ್ನರ್ ಗ್ರೆಚೆನ್ ವಿಟ್ಮರ್ ಇವರನ್ನು ಜೊತೆಗೆ ನಿಲ್ಲಿಸಿಕೊಂಡು ಬೈಡನ್, ನಾನೊಂದು ಸೇತುವೆ ಅಷ್ಟೇ, ನನ್ನ ಹಿಂದೆ ನಿಂತಿರುವ ಈ ತಲೆಮಾರೇ ಮುಂದಿನದು ಅಂದರು. ಜನ ಓಟು ಹಾಕಿದ್ದು ಆ ಮಾತಿಗೆ. 2024ಕ್ಕೆ ಅವರು ಮತ್ತೆ ನಿಂತರು. ಪಕ್ಷದ ದೊಡ್ಡವರು ಯಾರೂ ಎದುರು ನಿಲ್ಲಲಿಲ್ಲ. ಮಿನೆಸೋಟಾದ ಡೀನ್ ಫಿಲಿಪ್ಸ್ ಒಬ್ಬರು ಎದ್ದು, ವಯಸ್ಸಿನ ಮಾತನ್ನು ಬಾಯಿ ಬಿಟ್ಟು ಹೇಳಿದರು, ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದೂ ಡಿಬೇಟ್ ಇಲ್ಲದೆ ಪ್ರೈಮರಿ ಮುಗಿಯಿತು.

2024ರ ಜೂನ್ 27ಕ್ಕೆ, ಹ್ಯಾರಿಸ್ ಮಯಾಮಿಯಲ್ಲಿ ಬೈಡನ್ ಅವರನ್ನು ಪ್ರಶ್ನಿಸಿದ ದಿನಕ್ಕೆ ಸರಿಯಾಗಿ ಐದು ವರ್ಷ. ಅವತ್ತು ಟ್ರಂಪ್ ಎದುರು ಬೈಡನ್ ಮಾತು ತಪ್ಪಿ, ತಡವರಿಸಿದ್ದನ್ನು ಇಡೀ ದೇಶ ನೋಡಿತು. ಅದನ್ನು ಡಿಸೆಂಬರ್‌ನಲ್ಲೇ, ಪಕ್ಷದ ಒಳಗಿನ ಡಿಬೇಟ್‌ನಲ್ಲಿ ನೋಡಬೇಕಿತ್ತು. ಜುಲೈ 21ಕ್ಕೆ ಬೈಡನ್ ಹಿಂದೆ ಸರಿದರು. ಮತದಾನಕ್ಕೆ ಉಳಿದದ್ದು 107 ದಿನ. ಹ್ಯಾರಿಸ್‌ಗೆ ಟಿಕೆಟ್ ಸಿಕ್ಕಿತು, ಒಂದು ಪ್ರೈಮರಿಯನ್ನೂ ಎದುರಿಸದೆ. ಹಂಫ್ರಿ ನಂತರ ಹೀಗಾದದ್ದು ಅದೇ ಮೊದಲು. ಅವರು ಸೋತಾಗ, ನೋಡಿದೆಯಾ, ಹೆಂಗಸು ಗೆಲ್ಲಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ನಾನು ಅದನ್ನು ಒಪ್ಪುವುದಿಲ್ಲ. 2019ರಲ್ಲಿ ಅವರು ಎಲ್ಲಿ ಎಡವಿದ್ದರೋ ಅದನ್ನು ತಿದ್ದಿಕೊಳ್ಳಲು ಜಾಗ ಇದ್ದದ್ದು ಪ್ರೈಮರಿಯಲ್ಲಿ. ಜಿಮ್‌ನಲ್ಲಿ ಕೂತ ಮನುಷ್ಯ ಎದ್ದು, ನಿಮ್ಮ ಕಾಲದಲ್ಲಿ ದಿನಸಿ ಬೆಲೆ ಯಾಕೆ ಏರಿತು ಅಂತ ಮುಖಕ್ಕೆ ಕೇಳುತ್ತಿದ್ದ. ಮೊದಲ ಸಲ ಉತ್ತರ ತಪ್ಪುತ್ತಿತ್ತು, ಹತ್ತನೇ ಸಲಕ್ಕೆ ಗಟ್ಟಿಯಾಗುತ್ತಿತ್ತು. ಆ ಹತ್ತು ಅವಕಾಶಗಳನ್ನು ಪಕ್ಷ ಅವರಿಗೆ ಕೊಡಲಿಲ್ಲ.

2028ರ ಪ್ರೈಮರಿಗೆ ಯಾವ ರಾಜ್ಯ ಮೊದಲು ಅನ್ನುವ ಜಗಳದ ಮಧ್ಯೆ ನನಗೆ ಮುಖ್ಯ ಅನ್ನಿಸುವುದು ಮತಪತ್ರದ ಬದಲಾವಣೆ. ಒಂದೇ ಹೆಸರಿಗೆ ಗುರುತು ಹಾಕುವ ಬದಲು, ಮೊದಲ ಆಯ್ಕೆ, ಎರಡನೆಯದು, ಮೂರನೆಯದು ಅಂತ ಬರೆಯಲಿ. ಮೊದಲನೆಯವರು ಹಿಂದೆ ಬಿದ್ದರೆ ಆ ಮತ ಎರಡನೆಯವರಿಗೆ ಹೋಗುತ್ತದೆ. ಆಗ ನಮ್ಮ ಟೀಚರ್ ವಾರನ್ ಹೆಸರನ್ನು ಮೊದಲು ಬರೆದು, ಭಯವನ್ನು ಎರಡನೇ ಸಾಲಿಗೆ ಇಡಬಹುದಿತ್ತು. ಇದೇನು ಕನಸಲ್ಲ. 2020ರಲ್ಲಿ ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್ ಡೆಮಾಕ್ರಟರು ಹೀಗೇ ಮತ ಹಾಕಿದರು. ನೆವಾಡಾದಲ್ಲಿ ಮುಂಚಿತವಾಗಿ ಮತ ಹಾಕಿದವರೂ ಹೀಗೇ ಬರೆದುಕೊಟ್ಟರು. ಕ್ಯಾಲಿಫೋರ್ನಿಯಾದಲ್ಲಿ ಈ ಸೌಲಭ್ಯ ಇರಲಿಲ್ಲ. ಬೂಟೆಜೆಜ್, ಕ್ಲೋಬಚರ್ ಹೆಸರಿಗೆ ಅಂಚೆಯಲ್ಲಿ ಮತ ಕಳಿಸಿದ್ದವರು, ಸೂಪರ್ ಟ್ಯೂಸ್‌ಡೇಗೆ ಮುಂಚೆಯೇ ಅವರು ಕಣ ಬಿಟ್ಟಿದ್ದನ್ನು ನೋಡಿ ಕೈ ಹಿಸುಕಿಕೊಂಡರು. ನಮ್ಮ ಪಕ್ಕದ ಮೇನ್ ರಾಜ್ಯದಲ್ಲಿ ಸಂಸತ್ತಿನ ಚುನಾವಣೆಗೆ 2018ರಿಂದಲೇ ಈ ಪದ್ಧತಿ ಇದೆ. ಅಲಾಸ್ಕಾ ಮುಂತಾದ ಆ ನಾಲ್ಕು ರಾಜ್ಯಗಳ ಸರದಿ 2020ರಲ್ಲಿ ಬಂದದ್ದು ಮಾತ್ರ ತಡವಾಗಿ. ಅವರ ಮತಗಳನ್ನು ಎಣಿಸುವ ಹೊತ್ತಿಗೆ ಸ್ಯಾಂಡರ್ಸ್ ಕೂಡ ಮನೆಗೆ ಹೋಗಿದ್ದರು, ಕಣದಲ್ಲಿ ಉಳಿದದ್ದು ಒಬ್ಬರೇ. ಮೊದಲು ಮತ ಹಾಕುವ ರಾಜ್ಯದಲ್ಲೇ ಇದು ಬರಬೇಕು. ನಾಶುವಾದ ಡೆಮಾಕ್ರಟಿಕ್ ಕಾರ್ಯಕರ್ತರು ಈಚೆಗೆ ಮನೆ ಬಾಗಿಲಿಗೆ ಬಂದಾಗ ನಾನು ಇದನ್ನೇ ಹೇಳಿದೆ. ನನಗೆ ಓಟಿಲ್ಲ ಅಂತಲೂ ಹೇಳಿದೆ. ಅವರು ನಿಂತು ಪೂರ್ತಿ ಕೇಳಿಸಿಕೊಂಡು, ಕಾಗದದ ಮೇಲೆ ಬರೆದುಕೊಂಡು ಹೋದರು.